ಮೊದಲ ಬಸ್ಸು ಓಡಿಸಿದವರು

"ಈ ಸಾಲು ಬೇಡ ಗುಮಾಸ್ತರೇ," ಎಂದು ಮ್ಯಾನೇಜರಮ್ಮ ಹಾಳೆಯ ಮೇಲೆ ಬೆರಳಿಟ್ಟಳು. "ಮೊದಲ ಬಸ್ಸು ಓಡಿಸಿದ್ದು ನಮ್ಮ ತಾತ. ಊರಿಗೇ ಗೊತ್ತಿರೋ ವಿಷಯ. ನೀವು ನಿಮ್ಮ ತಂದೆ ಅಂತ ಬರೆದಿದ್ದೀರಲ್ಲ?"

"ಅವರೇ ಓಡಿಸಿದ್ದು ಮೇಡಂ. ಮೊದಲನೇ ದಿನ ನಮ್ಮಮ್ಮ ಅದೇ ಬಸ್ಸಲ್ಲಿ ಕೂತಿದ್ರು."

"ಈಗ ಹೇಳೋರು ಯಾರಿದ್ದಾರೆ?"

ಹೇಳಬೇಕಾದ ಅಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮ್ಯಾನೇಜರಮ್ಮ ಕೆಟ್ಟವಳಲ್ಲ, ಬೆಳಗಿನಿಂದ ಎರಡು ಬಸ್ಸು ದಾರಿಯಲ್ಲೇ ಕೆಟ್ಟು ನಿಂತು, ಅವಳ ಕಿವಿಯಿಂದ ಫೋನು ಇಳಿದಿರಲಿಲ್ಲ. "ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕು. ಕಣ್ಣಾರೆ ಕಂಡವರು ಒಬ್ಬರಾದ್ರೂ ಇದ್ರೆ ಕೇಳ್ಕೊಂಡು ಬನ್ನಿ. ಇದ್ರೆ ನಾನೇ ಸೇರಿಸ್ತೀನಿ," ಎಂದು ಮತ್ತೆ ಫೋನಿಗೆ ಕಿವಿಗೊಟ್ಟಳು.

ಕಂಪನಿಗೆ ಅರವತ್ತು ವರ್ಷ ತುಂಬಿತ್ತು. ಕೈಬರಹ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ, ಮೂವತ್ತು ವರ್ಷದಿಂದ ಡ್ರೈವರುಗಳಿಗೆ ಡ್ಯೂಟಿ ಹಾಕುತ್ತ ಬಂದ ಗುಮಾಸ್ತನ ತಲೆಗೇ ಚರಿತ್ರೆ ಬರೆಯುವ ಕೆಲಸವೂ ಬಿದ್ದಿತ್ತು. ಒಂದು ಬಸ್ಸಿನಿಂದ ಅರವತ್ತೆರಡು ಬಸ್ಸಾದದ್ದು, ಕಲ್ಲುಗಣಿಯ ತನಕ ಮಾತ್ರ ಹೋಗುತ್ತಿದ್ದ ಗಾಡಿ ಈಗ ಹತ್ತೊಂಬತ್ತು ದಾರಿ ಹಿಡಿದದ್ದು, ಪಾರ್ಸೆಲ್ಲು, ಪೇಪರ್ ಬಂಡಲ್ಲು, ಬೆಳಿಗ್ಗೆ ಆಸ್ಪತ್ರೆಗೆ ಹೋಗುವವರ ವಿಶೇಷ ಗಾಡಿ, ಎಲ್ಲವೂ ಸಲೀಸಾಗಿ ಬರೆಸಿಕೊಂಡವು. ಮೊದಲ ಪುಟ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಮೊದಲ ಬಸ್ಸು ಓಡಿಸಿದ್ದು ಅಪ್ಪ ಎಂಬುದನ್ನು ಅವನು ಅಮ್ಮನ ಎದೆಹಾಲಿನ ಜೊತೆಗೇ ಕುಡಿದಿದ್ದ. ಎಂಟು ತಿಂಗಳು ಕಳೆಯುವುದರೊಳಗೆ ಆ ಬಸ್ಸು ಹಳ್ಳದ ಮೇಲಿನ ಮೋರಿಯಿಂದ ಕೆಳಗೆ ಉರುಳಿತು. ಇಬ್ಬರು ಸತ್ತರು. ಆ ದಿನ ಓಡಿಸುತ್ತಿದ್ದವರು ದೊಡ್ಡ ಯಜಮಾನರು, ಈ ಮ್ಯಾನೇಜರಮ್ಮನ ತಾತ. ಆರು ತಿಂಗಳು ಜೈಲಿನಲ್ಲಿದ್ದು ಬಂದರು. ಬಂದವರು ಎರಡನೇ ಬಸ್ಸು ತಂದರು. ಅದಕ್ಕೆ ಬೇರೆ ಡ್ರೈವರ್ ಬಂದ. ಅಪ್ಪ ಸಾಯುವ ತನಕ ಡಿಪೋದಲ್ಲಿ ಬಸ್ಸು ತೊಳೆದ. "ಬೀಳಿಸಿದವರು ಯಜಮಾನರಾಗಿಯೇ ಉಳಿದ್ರು, ಓಡಿಸಿದವನ ಕೈಗೆ ಪೊರಕೆ ಬಂತು," ಎಂದು ಅಮ್ಮ ಕೊನೆಯ ತನಕ ಹಲ್ಲು ಕಡಿಯುತ್ತಿದ್ದಳು. ಅಮ್ಮ ಹೋದ ಮೇಲೆ ಆ ಕೆಲಸವನ್ನು ಅಕ್ಕ ವಹಿಸಿಕೊಂಡಿದ್ದಳು. ಪುಸ್ತಕದ ಸುದ್ದಿ ಕೇಳಿದಾಗಿನಿಂದ ಅವಳದು ಒಂದೇ ಮಾತು: "ಅಪ್ಪನ ಹೆಸರು ಅಚ್ಚಾಗ್ಲಿ. ನಾನು ಇನ್ನೇನೂ ಕೇಳಲ್ಲ."

ಆ ಕಾಲದವರೆಂದರೆ ಉಳಿದದ್ದು ಗ್ರೀಸಜ್ಜ ಒಬ್ಬನೇ. ಕಂಪನಿಯ ಮೊದಲ ಮೆಕ್ಯಾನಿಕ್ಕು. ಎಂಬತ್ತು ದಾಟಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಗುಮಾಸ್ತ ಹೋದಾಗ ಅಜ್ಜ ಮಗಳ ಮನೆಯ ಮೆಟ್ಟಿಲ ಮೇಲೆ ಕೂತು, ಕೆಟ್ಟ ಮಿಕ್ಸಿಯೊಂದನ್ನು ಬಿಚ್ಚಿ ಹರಡಿಕೊಂಡಿದ್ದ.

"ಓಡಿಸಿದ್ದು ನಿಮ್ಮಪ್ಪನೇ. ಅದ್ರಲ್ಲಿ ಕೇಳೋದೇನಿದೆ?" ಎಂದ ಅಜ್ಜ, ತಲೆ ಎತ್ತದೆ.

ಗುಮಾಸ್ತ ಜೇಬಿನಿಂದ ಕಾಗದ, ಪೆನ್ನು ತೆಗೆದ. "ಹಾಗಾದ್ರೆ ಒಂದು ಸಹಿ ಹಾಕ್ಕೊಡಿ ಅಜ್ಜ."

ಅಜ್ಜ ಸ್ಕ್ರೂಡ್ರೈವರ್ ಕೆಳಗಿಟ್ಟ. "ಮೊದಲನೇ ದಿನ ಒಂದೇ ಅಲ್ಲ ಮಗಾ, ಕೊನೇ ದಿನವೂ ಅವನೇ ಓಡಿಸಿದ್ದು. ಅದನ್ನೂ ಬರೀತೀಯಾ?"

"ಕೊನೇ ದಿನ ಅಂದ್ರೆ?"

"ಮೋರಿ ದಿನ."

ಒಳಗೆ ಯಾರೋ ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಅಜ್ಜ ಮೆಲ್ಲಗೆ ಹೇಳುತ್ತ ಹೋದ. "ಇನ್ನೊಬ್ಬ ಡ್ರೈವರ್‌ಗೆ ಜ್ವರ. ನಿಮ್ಮಪ್ಪ ನಾಲ್ಕು ದಿನದಿಂದ ಕಣ್ಣು ಮುಚ್ಚಿರ್ಲಿಲ್ಲ. ಆಗಲ್ಲ ಅಂತ ಕೈ ಮುಗಿದ. 'ಇದೊಂದು ಟ್ರಿಪ್ಪು ಹೊಡೆದುಬಿಡು' ಅಂದ್ರು ಯಜಮಾನ್ರು. ಮಧ್ಯಾಹ್ನ, ಸುಡುಬಿಸಿಲು. ಬಸ್ಸಲ್ಲಿ ಒಬ್ಬಳು ನರ್ಸಮ್ಮ, ಒಬ್ಬ ಗಡಿಯಾರ ರಿಪೇರಿಯವನು. ಬ್ರೇಕ್ ನೋಡೋಕೆ ಅಂತ ನಾನೂ ಹತ್ತಿದ್ದೆ. ನಿಮ್ಮಪ್ಪನ ತಲೆ ಒಂದ್ಸಲ ಹೀಗೆ ವಾಲಿತು. ಅಷ್ಟೇ."

"ಮತ್ತೆ ಯಜಮಾನ್ರು..."

"ಪೊಲೀಸಿಗಿಂತ ಮುಂಚೆ ಮೋಟಾರ್‌ಸೈಕಲ್ಲಲ್ಲಿ ಬಂದ್ರು. ನಿಮ್ಮಪ್ಪ ನರ್ಸಮ್ಮನ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ದಂಡೆ ಮೇಲೆ ಕೂತಿದ್ದ. ಅವನನ್ನ ನೋಡಿದ್ರು. ಆಮೇಲೆ ನನ್ ಕಡೆ ತಿರುಗಿ, 'ನಿದ್ದೆಗೆಟ್ಟೋನನ್ನ ಓಡಿಸು ಅಂತ ಕಳಿಸಿದೋನು ನಾನು. ಅಂದ್ಮೇಲೆ ಓಡಿಸಿದೋನೂ ನಾನೇ' ಅಂದ್ರು. ಪೊಲೀಸಿಗೂ ಅದನ್ನೇ ಹೇಳಿದ್ರು. ಕೋರ್ಟಲ್ಲಿ, ನಿಮ್ಮಪ್ಪನ ಹೆಸರೇ ಬರದ ಹಾಗೆ, ಮೊದಲನೇ ದಿನದಿಂದ ನಾನೇ ಓಡಿಸ್ತಿದ್ದೆ ಅಂದ್ಬಿಟ್ರು. ನಾನೂ ಬಾಯಿ ಬಿಡ್ಲಿಲ್ಲ, ಅವನು ಓಡಿಸೋದನ್ನ ದಿನಾ ಕಂಡೋರೂ ಬಿಡ್ಲಿಲ್ಲ. ಊರಿಗಿದ್ದದ್ದೇ ಒಂದು ಬಸ್ಸು, ಮಾತಾಡಿದ್ರೆ ಯಜಮಾನ್ರೂ ಇಲ್ಲ, ಬಸ್ಸೂ ಇಲ್ಲ."

"ಮತ್ತೆ ಅಪ್ಪನ ಕೈಗೆ ಪೊರಕೆ?" ಎಂದ ಗುಮಾಸ್ತ.

"ಅದು ಅವನೇ ಕೇಳಿ ತಗೊಂಡಿದ್ದು. ಎರಡನೇ ಬಸ್ಸಿನ ಕೀಲಿಕೈ ಯಜಮಾನ್ರು ಮೊದಲು ಅವನಿಗೇ ಕೊಟ್ರು. ಅವನು ಅದನ್ನ ಅವರ ಕೈಗೇ ವಾಪಸ್ ಇಟ್ಟ. 'ತೊಳೀತೀನಿ ಧಣಿ, ಓಡಿಸಲ್ಲ' ಅಂದ. ನಿಮ್ಮಮ್ಮನಿಗೆ ಹೇಳೋ ಅಂತ ನಾನು ಎಷ್ಟು ಸಲ ಬಡ್ಕೊಂಡೆ. 'ಅವಳು ಯಜಮಾನ್ರನ್ನ ಬೈಕೊಂಡಿರ್ಲಿ. ನನ್ನ ಮುಖ ನೋಡೋಕೆ ಹೆದರೋದು ಬೇಡ' ಅಂತಿದ್ದ." ಅಜ್ಜ ಕೈ ಚಾಚಿದ. "ಕೊಡು ಕಾಗದ. ಸಹಿ ಬೇಕು ಅಂದ್ಯಲ್ಲ."

ಗುಮಾಸ್ತ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

ಡಿಪೋಗೆ ವಾಪಸು ಬಂದ. ಮೇಜಿಗೆ ಕೂತು ಅಪ್ಪನ ಹೆಸರಿನ ಮೇಲೆ ಗೆರೆ ಎಳೆದ. ಒಂದೇ ಗೆರೆ, ಕೆಳಗಿನ ಅಕ್ಷರ ಇನ್ನೂ ಓದಲು ಬರುತ್ತಿತ್ತು. ಮೇಲೆ ದೊಡ್ಡ ಯಜಮಾನರ ಹೆಸರು ಬರೆದು ಮ್ಯಾನೇಜರಮ್ಮನಿಗೆ ಕೊಟ್ಟ.

"ಕೇಳಿದ್ರಾ?"

"ಕೇಳಿದೆ ಮೇಡಂ. ನಿಮ್ಮ ತಾತಾನೇ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಏನೋ ಕೇಳಬೇಕೆಂದುಕೊಂಡವಳು ಫೋನು ರಿಂಗಾದ್ದರಿಂದ ಆ ಕಡೆ ತಿರುಗಿದಳು.

ಅಕ್ಕನ ಫೋನೂ ಬಂತು. "ಬರೆದ್ಯೇನೋ?"

"ಇಲ್ಲ ಅಕ್ಕ."

"ಹೆದರಿಕೊಂಡ್ಯಾ? ಅಪ್ಪನ ಹಾಗೇ ಆದೆ ನೀನೂ."

"ಮನೆಗೆ ಬಂದು ಹೇಳ್ತೀನಿ," ಎಂದ. ಚಿಕ್ಕಂದಿನಿಂದ ಒಬ್ಬರನ್ನು ಬೈದುಕೊಂಡು ಬದುಕಿದವಳಿಗೆ ಆ ಬೈಗುಳವನ್ನು ಕಿತ್ತುಕೊಂಡರೆ ಕೈಗೆ ಬೇರೇನು ಕೊಡುವುದು?

ಐದಕ್ಕೆ ಇನ್ನು ಹತ್ತು ನಿಮಿಷ. ಕಲ್ಲುಗಣಿ ಗಾಡಿಯ ಡ್ರೈವರ್ ಸಹಿ ಹಾಕಲು ಕಿಟಕಿಗೆ ಬಂದ. ನಲವತ್ತರ ಆಳು, ಕಣ್ಣು ಕೆಂಡದ ಹಾಗಿತ್ತು. ಪೆನ್ನು ಹಿಡಿದವನು ಎಲ್ಲಿ ಸಹಿ ಹಾಕಬೇಕೆಂದು ಹುಡುಕುತ್ತ ನಿಂತ.

"ನಿದ್ದೆ ಮಾಡಿ ಎಷ್ಟು ದಿನ ಆಯ್ತಪ್ಪ?"

"ನೀವೇ ಹಾಕಿದ್ದಲ್ವಾ ಅಣ್ಣ, ಡಬಲ್ ಡ್ಯೂಟಿ? ಇವತ್ತಿಗೆ ಮೂರನೇ ದಿನ," ಎಂದು ಡ್ರೈವರ್ ನಕ್ಕ. ಅದರಲ್ಲಿ ಸಿಟ್ಟೂ ಇರಲಿಲ್ಲ, ಅಷ್ಟು ಸುಸ್ತಾಗಿದ್ದ. "ಇದೊಂದು ಟ್ರಿಪ್ಪು ಹೊಡೆದುಬಿಡ್ತೀನಿ, ಬಿಡಿ."

ಗುಮಾಸ್ತ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡ. "ಬೇಡ. ಹೋಗಿ ಮಲಕ್ಕೋ."

"ಗಾಡಿ?"

"ಗಾಡಿ ಹೋಗಲ್ಲ."

ಅವನೇ ಹೊರಗೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದ. ಐವತ್ತು ಜನ ಒಟ್ಟಿಗೇ ಮೈಮೇಲೆ ಬಂದರು. "ಅರವತ್ತು ವರ್ಷದ ಕಂಪನಿಯಂತೆ, ಒಬ್ಬ ಡ್ರೈವರಿಗೆ ಗತಿಯಿಲ್ಲ!" ಎಂದ ಒಬ್ಬ. ಚೀಲ ಹಿಡಿದ ಹೆಂಗಸು, "ಏಳು ಗಂಟೆ ಗಾಡಿ ತನಕ ಮಕ್ಕಳು ಬಾಗಿಲಲ್ಲಿ ಕೂತಿರ್ಬೇಕಾ? ಯಾರ್ರೀ ಇದಕ್ಕೆಲ್ಲ ಹೊಣೆ?" ಎಂದು ಅಳುವ ದನಿಯಲ್ಲಿ ಕೇಳಿದಳು.

"ನಾನೇ ಅಮ್ಮ," ಎಂದ ಗುಮಾಸ್ತ. "ಡ್ಯೂಟಿ ಹಾಕೋನು ನಾನು."

ಬೈಯುವವರೆಲ್ಲ ಬೈದು ಮುಗಿಸುವ ತನಕ ಅಲ್ಲೇ ನಿಂತಿದ್ದ. ಜನ ಚದುರಿದ ಮೇಲೆ ಡ್ರೈವರುಗಳ ಕೋಣೆಗೆ ಹೋಗಿ ಇಣುಕಿದ. ಡ್ರೈವರ್ ಬೆಂಚಿನ ಮೇಲೆ ಅಡ್ಡಾಗಿದ್ದ. ಒಂದು ಬೂಟು ಕೆಳಗೆ ಬಿದ್ದಿತ್ತು. ಇನ್ನೊಂದರ ದಾರ ಅರ್ಧ ಬಿಚ್ಚುವಷ್ಟರಲ್ಲೇ ನಿದ್ದೆ ಹತ್ತಿತ್ತು. ಗುಮಾಸ್ತ ಬಾಗಿ ದಾರ ಬಿಡಿಸಿ, ಬೂಟನ್ನು ಮೆಲ್ಲಗೆ ಎಳೆದು ಮೊದಲಿನದರ ಪಕ್ಕ ಇಟ್ಟ. ಕಾಲುಚೀಲದ ತೂತಿನಿಂದ ಹೊರಗೆ ಬಂದಿದ್ದ ಹೆಬ್ಬೆರಳು ಒಮ್ಮೆ ಅಲುಗಿ ಸುಮ್ಮನಾಯಿತು.