ಎರಡು ಪೆಟ್ಟು, ಮೂರು ಪೆಟ್ಟು

ದಿನಕ್ಕೆ ಒಂಬತ್ತು ಗಂಟೆ ಮಂಜುಗಡ್ಡೆಯೊಳಗಿನ ಮೀನು ಸೀಳಿದರೆ ಬೆರಳು ನಮ್ಮದೆನಿಸುವುದಿಲ್ಲ. ಇಂಗ್ಲೆಂಡಿನ ಬಂದರು ಗ್ರಿಮ್ಸ್‌ಬಿಯ ಮೀನಿನ ಶೆಡ್ಡಿನಲ್ಲಿ ನನ್ನ ಚಿಕ್ಕಮ್ಮ ಎನಿಡ್ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು, ಬೆರಳಿಗೆ ಚಿಂದಿ ಸುತ್ತಿಕೊಂಡು.

ಹೆಂಗಸರು ಮೇಜುಗಳ ಕೆಳಗೆ ಬಿಸಿನೀರಿನ ಬಕೆಟ್ ಬಚ್ಚಿಟ್ಟಿದ್ದರು. ಕೈ ಮರಗಟ್ಟಿದಾಗ ಅದ್ದಿಕೊಳ್ಳುವರು. ಮೇಸ್ತ್ರಿ ಗಾರ್ಬಟ್‌ನ ಕಣ್ಣಿಗೆ ಅದು ಸೋಮಾರಿತನ. ಬಾಗಿಲ ಪಕ್ಕದ ಮೇಜು ಚಿಕ್ಕಮ್ಮನದು. ಅವನು ಬರುವುದು ಕಂಡೊಡನೆ ಚಾಕುವಿನ ಹಿಡಿಯಿಂದ ಮೇಜು ಕುಟ್ಟುವಳು. ಎರಡು ಪೆಟ್ಟು, ಸ್ವಲ್ಪ ತಡೆದು ಮೂರು ಪೆಟ್ಟು. ನಲವತ್ತು ಹೆಂಗಸರ ಕೈಗಳು ಮೀನಿನ ಮೇಲೆ ವಾಪಸು.

ನಾನು ಅಲ್ಲೇ ಮಂಜುಗಡ್ಡೆ ತುಂಬುತ್ತಿದ್ದವನು. ಸಂಜೆ ಗೆಳೆಯರ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ. ಆ ಪೆಟ್ಟುಗಳ ಮೇಲೆಯೇ ಒಂದು ಹಾಡು ಕಟ್ಟಿದೆವು. ಹಾಡು ಹಿಟ್ಟಾಯಿತು. ನಾವು ಲಂಡನ್ ಸೇರಿದೆವು.

ಸಂದರ್ಶನಕ್ಕೆ ಕರೆದ ರೇಡಿಯೋದವನು ಕೇಳಿದ: "ಈ ಹಾಡಿನ ಹಿಂದೆ ಏನೋ ಕಥೆ ಇದೆಯಂತಲ್ಲ? ಆ ತಾಳ ಎಲ್ಲಿ ಸಿಕ್ತು?"

ನಾನು ಉಬ್ಬಿಹೋದೆ. ಬಕೆಟ್, ಚಾಕು, ಬಾಗಿಲ ಮೇಜು, ಎಲ್ಲವನ್ನೂ ನಗೆ ಬರುವಂತೆ ಹೇಳಿದೆ. "ಮೇಸ್ತ್ರಿಗೆ ಇವತ್ತಿಗೂ ಗೊತ್ತಿಲ್ಲ" ಎಂದೂ ಸೇರಿಸಿದೆ. ಚಿಕ್ಕಮ್ಮನ ಹೆಸರು ಮಾತ್ರ ಹೇಳಲಿಲ್ಲ. ಹೇಳಿದರೆ ತಾಳದ ಹೆಸರು ಅವಳಿಗೆ ಹೋಗುತ್ತಿತ್ತು. "ಯಾರೋ ಒಬ್ಬ ಹೆಂಗಸು" ಎಂದೆ.

ಆ ಶೆಡ್ಡಿನಲ್ಲಿ ಹಗಲೆಲ್ಲ ರೇಡಿಯೋ ಹಾಕಿರುತ್ತಾರೆ. ಏಳು ವರ್ಷ ಅದನ್ನು ಕೇಳಿದ ನನಗೇ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಗಾರ್ಬಟ್ ಬ್ರೆಡ್ಡು ತಿನ್ನುತ್ತಲೇ ಪೂರ್ತಿ ಕೇಳಿಸಿಕೊಂಡನಂತೆ. ಆಮೇಲೆ ನೆಟ್ಟಗೆ ಬಾಗಿಲ ಮೇಜಿಗೆ ಬಂದ.

"ಏನಮ್ಮಾ, ಯಾರೋ ಒಬ್ಬ ಹೆಂಗಸು, ಚಾಕು ಇಟ್ಟು ಮನೆಗೆ ನಡಿ."

ಮರುದಿನ ಅವನು ಒಳಗೆ ಕಾಲಿಡುತ್ತಲೇ ಶೆಡ್ಡಿನ ತುಂಬ ಎರಡು ಪೆಟ್ಟು, ಮೂರು ಪೆಟ್ಟು. ನಿಲ್ಲಿಸಿ ಅಂದರೂ ಯಾರೂ ನಿಲ್ಲಿಸಲಿಲ್ಲ. ಬಕೆಟ್ಟುಗಳನ್ನು ಮೇಜಿನ ಮೇಲೇ ಇಟ್ಟು, ಅವನ ಎದುರಿಗೇ ಕೈ ಅದ್ದಿದರು. ಎರಡು ದಿನ ಮೀನು ಕೊಳೆಯಿತು. ಮೂರನೆಯ ದಿನ ಬಿಸಿನೀರಿಗೆ ಅಪ್ಪಣೆಯಾಯಿತು. ಚಿಕ್ಕಮ್ಮನನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಮಾಲೀಕ ಸುತರಾಂ ಒಪ್ಪಲಿಲ್ಲ.

ಭಾನುವಾರ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಗುಟ್ಟು ಹೇಳ್ಬಿಟ್ಟೆ, ಹೆಸರು ನುಂಗ್ಕೊಂಡೆ. ಅಲ್ವೇನೋ ಡೆರೆಕ್?"

"ತಪ್ಪಾಯ್ತು ಚಿಕ್ಕಮ್ಮ. ಮುಂದಿನ ವಾರ ಮತ್ತೆ ಕರೆದಿದ್ದಾರೆ. ತಾಳ ನಿನ್ನದೇ ಅಂತ ಹೆಸರು ಹಿಡಿದು ಹೇಳ್ತೀನಿ."

"ಬೇಡಪ್ಪಾ. ಹಡಗುಕಟ್ಟೆ ಹತ್ರ ಇನ್ನೊಂದು ಶೆಡ್ಡಲ್ಲಿ ಕೆಲಸ ಕೇಳಿದೀನಿ. ಆ ಹೆಂಗಸು ನಾನೇ ಅಂತ ಗೊತ್ತಾದ್ರೆ ಅವರೂ ಗೇಟು ಹಾಕ್ತಾರೆ. ತಾಳ ನೀನೇ ಇಟ್ಕೋ."

ಚಹಾ ಬಟ್ಟಲು ಕೆಳಗಿಟ್ಟ ಮೇಲೂ ಅವಳ ಬೆರಳುಗಳು ಪೂರ್ತಿ ಬಿಚ್ಚಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ತಾಳ ನನ್ನ ಹೆಸರಲ್ಲೇ ಉಳಿಯಿತಲ್ಲ ಎಂದು ಒಳಗೊಳಗೇ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಅವಳು ನನ್ನ ಮುಖದಲ್ಲಿ ನೋಡಿದಳು.