ಒಳಸುತ್ತು

ಕವಡೆಗಳು ಉರುಳಿ ನಿಂತಾಗ ನಾಲ್ಕೂ ಅಂಗಾತ ಬಿದ್ದಿದ್ದವು.

"ಚೌಕ" ಎಂದಳು ರೂಪ, ಪರರ ಮನೆಯಲ್ಲಿ ದನಿ ಎತ್ತಬಾರದೆನ್ನುವ ಹಾಗೆ ಮೆಲ್ಲಗೆ. ಇನ್ನೊಂದು ಆಟ ಅವಳದೇ. ಮತ್ತೆ ಹಾಕಿದಳು. ಎರಡು ಬಿತ್ತು.

ಅವಳ ಹಸಿರು ಬಳೆಚೂರಿಗೆ ಸರಿಯಾಗಿ ಎರಡು ಮನೆ ಮುಂದೆ ಅತ್ತೆ ಅನಸೂಯಮ್ಮನ ಹುಣಸೆಬೀಜ ಕೂತಿತ್ತು. ಕಡಿಯಬಹುದಿತ್ತು. ಒಬ್ಬರ ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ. ರೂಪಳ ಕಾಯಿಗಳು ಆಗಲೇ ಹೊರಗೆ ಎರಡನೇ ಸುತ್ತು ಹಾಕುತ್ತಿದ್ದವು.

"ಒಡೀ ರೂಪಾ, ಏನ್ ನೋಡ್ತೀಯ" ಅಂದಳು ಅನಸೂಯಮ್ಮ.

"ಬ್ಯಾಡ ಅತ್ತೆ" ಎಂದು ರೂಪ ಬೇರೊಂದು ಬಳೆಚೂರನ್ನು ಎರಡು ಮನೆ ಸರಿಸಿದಳು.

ಎದುರು ಕೂತಿದ್ದ ಮುನೇಶ್ ಅದನ್ನು ನೋಡಿದ.

ಇಂದ್ರಾಣಿ ಟೀಚರ ಮನೆ ಉರಿಗಾಂ ಸ್ಟೇಷನ್ನಿಗೆ ಹತ್ತಿರ. ರಿಟೈರಾದ ಮೇಲೆ ಆಕೆ ಮುಂದಿನ ಹಾಲನ್ನು ಶನಿವಾರ ಸಂಜೆ ಆಟಕ್ಕೆಂದು ಬಿಟ್ಟುಕೊಟ್ಟಿದ್ದರು. ಒಂದು ಮೂಲೆಯಲ್ಲಿ ಕೇರಂ, ಕಿಟಕಿಯ ಪಕ್ಕ ಚೆಸ್ಸು, ಮಕ್ಕಳಿಗೆ ಹಾವು ಏಣಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆಗಳ ಈ ಆಟಕ್ಕೆ ಮಾತ್ರ ಹೆಸರಿನ ಜಗಳ ಮುಗಿಯುತ್ತಿರಲಿಲ್ಲ. ಅನಸೂಯಮ್ಮನಿಗೆ ಅದು ಚೌಕಾಬಾರ, ಮುನೇಶನ ಮನೆಯಲ್ಲಿ ಅಷ್ಟಾಚೆಮ್ಮ, ಟೀಚರಿಗೆ ತಾಯಂ. ಬರುವವರು ಮೊಬೈಲುಗಳನ್ನು ಬಾಗಿಲ ಬಳಿಯ ಬಿದಿರುಬುಟ್ಟಿಗೆ ಹಾಕಬೇಕೆನ್ನುವುದೊಂದೇ ಟೀಚರ ಕಾನೂನು.

ಅನಸೂಯಮ್ಮ ಆ ಮನೆಗೆ ಹೊಸಬಳಲ್ಲ. ಬಂಗಾರಪೇಟೆ ಕಡೆಯ ತನ್ನ ಹಳ್ಳಿಯಿಂದ ಮಾರಿಕುಪ್ಪಂ ರೈಲು ಹಿಡಿದು ವರ್ಷಗಟ್ಟಲೆ ಟೀಚರಿಗೆ ಬೆಣ್ಣೆ ತಂದುಕೊಟ್ಟವಳು. ಮಗ ವೆಂಕಿ, ರೂಪಳ ಗಂಡ, ಕಾಮಾಲೆಯಲ್ಲಿ ಹೋದಾಗ ಹಳ್ಳಿಯವರೆಗೂ ಬಂದು, ಒಂದು ಹೊತ್ತು ಪಕ್ಕದಲ್ಲಿ ಕೂತು ಹೋಗಿದ್ದವರು ಆಕೆ. ಎರಡು ತಿಂಗಳ ಕೆಳಗೆ, ಬೆಣ್ಣೆಯ ಡಬ್ಬಿ ಇಳಿಸುತ್ತಾ, ಸೊಸೆಗೆ ಎಲ್ಲಾದರೂ ಒಂದು ಸಂಬಂಧ ನೋಡಿಕೊಡಿ ಎಂದು ಅನಸೂಯಮ್ಮ ಕೇಳಿದ್ದು ಆಕೆಯನ್ನೇ. ಟೀಚರು ಆಂಡರ್ಸನ್‌ಪೇಟೆಯಲ್ಲಿ ಫ್ರಿಜ್ಜು ರಿಪೇರಿ ಅಂಗಡಿ ಇಟ್ಟಿದ್ದ ಈ ಮುನೇಶನ ಹೆಸರು ಹೇಳಿದ್ದರು. ತಂಗಿಯರ ಮದುವೆ ಮಾಡುತ್ತಾ ಮಾಡುತ್ತಾ ತಾನು ಹಾಗೇ ಉಳಿದುಬಿಟ್ಟವನು, ಒಳ್ಳೆಯವನು. "ಪೆಣ್ಣು ನೋಡೋ ಶಾಸ್ತ್ರ ಎಲ್ಲ ಬೇಡಮ್ಮ. ಒಂದಿನ ಆಟಕ್ಕೆ ಕರ್ಕೊಂಡು ವಾ" ಎಂದಿದ್ದರು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

ರೂಪಳಿಗೆ ಇದೊಂದೂ ಗೊತ್ತಿರಲಿಲ್ಲ. ಅನಸೂಯಮ್ಮನ ಗಂಡ ಕದಿರಪ್ಪನಿಗೂ ಗೊತ್ತಿರಲಿಲ್ಲ.

ಟೀಚರ ಆಟ ಬಂತು. ಮೂರು ಹಾಕಿ, ಮುನೇಶನ ಕಾಯನ್ನು ಕಡಿದರು. ಅವನ ಕಾಯಿಗಳೆಂದರೆ ಅಂಗಡಿಯಿಂದ ತಂದ ನಾಲ್ಕು ಸಣ್ಣ ನಟ್ಟುಗಳು. ಅವು ಮನೆ ಬಿಟ್ಟು ನಾಲ್ಕು ಹೆಜ್ಜೆ ಇಡುವುದರೊಳಗೆ ಯಾರಾದರೂ ಕಡಿದು ವಾಪಸು ಕಳಿಸುತ್ತಿದ್ದರು.

"ಇದ್ಕೆ ಮನೆ ಬಿಟ್ಟು ಓಗಕ್ಕೆ ಮನ್ಸೇ ಇಲ್ಲ ಟೀಚರ್" ಅಂದ ಮುನೇಶ್, ನಟ್ಟನ್ನು ಎತ್ತಿ ದೀಪಕ್ಕೆ ಹಿಡಿದು ನೋಡುತ್ತಾ. "ಕೊನೇ ಮಗ ಅಂತ ಮುದ್ದು ಮಾಡಿ ಬೆಳ್ಸಿದ್ದೇ ತಪ್ಪಾಯ್ತು."

ರೂಪ ನಕ್ಕುಬಿಟ್ಟಳು.

ದೊಡ್ಡ ನಗೆಯೇನಲ್ಲ. ಮೂಗಿನಿಂದ ಹೊರಟು, ತಡೆಯಲಾಗದೆ ಬಾಯಿಗೆ ಬಂದು, ಸೆರಗಿನಲ್ಲಿ ಮುಚ್ಚಿಹೋದ ನಗೆ. ಅನಸೂಯಮ್ಮ ಆ ಸದ್ದನ್ನು ಮರೆತೇಬಿಟ್ಟಿದ್ದಳು. ಮದುವೆಯಾದ ಹೊಸದರಲ್ಲಿ ಅಡಿಗೆಮನೆಯ ಗೋಡೆಯಾಚೆಯಿಂದ ಅದು ಕೇಳುತ್ತಿತ್ತು, ವೆಂಕಿ ಏನೋ ಪಿಸುಗುಟ್ಟಿದ ಮೇಲೆ. ಇದನ್ನೇ ಕೇಳಬೇಕೆಂದು ತಾನು ಇಷ್ಟೆಲ್ಲ ಮಾಡಿದ್ದು. ಈಗ ಅದು ಕೇಳಿತು. ಮುನೇಶನ ಮುಖ ನೋಡಿದಳು. ನಗಿಸಿದ ಖುಷಿ ಅವನ ಕಣ್ಣಲ್ಲಿತ್ತು. ಅದನ್ನು ಅವಳಿಂದ ಸಹಿಸಲಾಗಲಿಲ್ಲ.

"ನಮ್ಮ ವೆಂಕಿ ಇದ್ದಿದ್ರೆ ಇಷ್ಟೊತ್ಗೆ ನಾಕೂ ಕಾಯಿ ಅಣ್ಣು ಮಾಡಿ ಎದ್ದೋಗ್ತಿದ್ದ" ಎಂದುಬಿಟ್ಟಳು.

ಕೇರಂ ಬೋರ್ಡಿನಲ್ಲಿ ಕಾಯಿ ಬಿದ್ದ ಸದ್ದು ಆ ಹಾಲಿಗೆಲ್ಲ ಕೇಳಿಸಿತು. ಟೀಚರು ಕವಡೆಗಳನ್ನು ಕೈಯಲ್ಲೇ ಹಿಡಿದು ಕೂತರು. ಆ ಮಾತು ಎಲ್ಲಿಂದ ಬಂತೆಂದು ಅನಸೂಯಮ್ಮನಿಗೇ ತಿಳಿಯಲಿಲ್ಲ. ವೆಂಕಿ ಒಂದು ದಿನವೂ ಚೌಕಾಬಾರಕ್ಕೆ ಕೂತವನಲ್ಲ.

"ಅವ್ರಿಗೆ ಈ ಆಟ ಬತ್ತಿರ್ಲಿಲ್ಲ ಅತ್ತೆ" ಅಂದಳು ರೂಪ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆಮೇಲೆ ಅತ್ತೆಯ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಮುನೇಶ್ ತಲೆ ತಗ್ಗಿಸಿದ್ದ. ಅವನ ಕಿವಿ ಕೆಂಪಾಗಿತ್ತು. "ನನ್ನ ಇಲ್ಲಿಗೆ ಯಾಕ್ ಕರ್ಕೊಂಬಂದ್ರಿ?"

ರೂಪ ಎದ್ದು ಬುಟ್ಟಿಯಿಂದ ತನ್ನ ಮೊಬೈಲು ತೆಗೆದುಕೊಂಡು ಹೊರಗೆ ಹೋದಳು.

ಜಗಲಿಯಲ್ಲಿ ಗಾಳಿ ಬೀಸುತ್ತಿತ್ತು. ಮನೆಗಳ ಸಾಲಿನಾಚೆ ಗಣಿಯ ಮಣ್ಣಿನ ದಿಬ್ಬ ಸಂಜೆಯ ಬೆಳಕಿನಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅನಸೂಯಮ್ಮ ಸೊಸೆಯ ಪಕ್ಕದಲ್ಲಿ ನಿಂತಳು, ಮುಟ್ಟುವ ಧೈರ್ಯವಾಗಲಿಲ್ಲ.

"ನಾನು ನಿಮ್ಗೆ ಭಾರ ಆದ್ನಾ ಅತ್ತೆ?"

"ಭಾರ ಆಗಿದ್ರೆ ಅವತ್ತೇ ನಿನ್ನ ತವ್ರಿಗೆ ಕಳ್ಸಿಬಿಡ್ತಿದ್ದೆ."

"ಮತ್ತೆ?"

ರೈಲಿನಲ್ಲಿ ಬರುವಾಗ ಅನಸೂಯಮ್ಮ ಏನೇನೋ ಮಾತು ಜೋಡಿಸಿಕೊಂಡಿದ್ದಳು. ಈಗ ಒಂದೂ ಒದಗಲಿಲ್ಲ. "ಅವತ್ತೊಂದಿನ ನೀನು ಉಲ್ಲಿನ ಒರೆ ಇಳ್ಸಿ ಕೂತ್ಕಂಡೆ ನೋಡು. ಸೊಂಟದ ಮೇಲೆ ಕೈ ಇಟ್ಕಂಡು, ಉಸ್ಸಪ್ಪಾ ಅಂತ. ಥೇಟು ನನ್ನಂಗೇ. ನಿನ್ನ ವಯಸ್ಸಲ್ಲಿ ನಾನು ಅಂಗೆ ಕೂತ್ಕಂತಿರ್ಲಿಲ್ಲ ಕಣಮ್ಮಾ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ."

ರೂಪ ಅಳಲಿಲ್ಲ. ಜಗಲಿಯ ಕಂಬಕ್ಕೆ ಹಣೆ ಒತ್ತಿ ನಿಂತಳು.

"ಮತ್ತೆ ಅವ್ರ ಎಸ್ರು ಯಾಕೆ ಎತ್ತಿದ್ರಿ, ನಾನು ನಕ್ಕಾಗ?"

"ತಡ್ಕಳಕ್ಕೆ ಆಗ್ಲಿಲ್ಲ" ಅಂದಳು ಅನಸೂಯಮ್ಮ. "ನೀನು ನಗ್ಬೇಕು ಅಂತ್ಲೂ ಇತ್ತು. ನಕ್ರೆ ತಡ್ಕಳಕ್ಕೂ ಆಗ್ಲಿಲ್ಲ. ನಾನೇನ್ ಮಾಡ್ಲಿ ಏಳು."

ಹಿಂದೆ ಬಾಗಿಲ ಸದ್ದಾಯಿತು. ಮುನೇಶ್ ಹೊಸ್ತಿಲಲ್ಲೇ ನಿಂತಿದ್ದ, ಇನ್ನೊಂದು ಹೆಜ್ಜೆ ಇಡಲಿಲ್ಲ.

"ನಿಮ್ಗೆ ಏಳ್ದೆ ಕರ್ಸಿದ್ದು ತಪ್ಪು" ಅಂದ ರೂಪಳಿಗೆ. "ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಂದು ಕೂತೆ. ಬೇಜಾರ್ ಮಾಡ್ಕಬೇಡಿ. ಸ್ಟೇಷನ್ ಗಂಟ ಆಟೋ ಕರೀಲಾ?"

ರೂಪ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. "ಬ್ಯಾಡ. ನಡ್ಕೊಂಡೋಗ್ತೀವಿ" ಅಂದಳು.

ವಾಪಸು ರೈಲಿನಲ್ಲಿ ಅತ್ತೆ ಸೊಸೆ ಎದುರುಬದುರು ಕೂತರು. ಕೋರಮಂಡಲ್ ದಾಟುವವರೆಗೂ ರೂಪ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, ಏನೋ ಲೆಕ್ಕ ಮುಗಿಸಿದವಳಂತೆ, "ಬರೋ ಶನಿವಾರ ನಾನೊಬ್ಳೇ ಓಗ್ಬತ್ತೀನಿ" ಅಂದಳು. "ನೀವು ಬರ್ಬೇಡಿ. ನೀವು ಪಕ್ಕದಾಗೆ ಇದ್ರೆ ನಂಗೆ ಆಡಕ್ಕಾಗಲ್ಲ."

ಅನಸೂಯಮ್ಮ ತಲೆಯಾಡಿಸಿದಳು. ಬಂಗಾರಪೇಟೆ ಬರುವವರೆಗೆ ಸೀರೆಯ ಅಂಚನ್ನು ಮಡಿಸುವುದು, ಬಿಡಿಸುವುದು ಮಾಡುತ್ತಿದ್ದಳು.

ಮುಂದಿನ ಶನಿವಾರ ಹಾಲು ಕರೆದಿಟ್ಟು, ತಲೆ ಬಾಚಿ, ರೂಪ ಹೊರಟುಹೋದಳು. ಕದಿರಪ್ಪ ಡೈರಿಗೆ ಹಾಲು ಹಾಕಿ ಬಂದಾಗ ಸೊಸೆ ಕಾಣಲಿಲ್ಲ. ಎಲ್ಲಿ ಎಂದು ಕೇಳಿದ. ಅನಸೂಯಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಅಂಗಳದಲ್ಲಿ ನಿಂತೇ, ಇದ್ದದ್ದನ್ನೆಲ್ಲ ಹೇಳಿದಳು. ಕದಿರಪ್ಪ ಟಿವಿಎಸ್ಸಿನಿಂದ ಇಳಿಯದೆ ಕೇಳಿದ.

"ನನ್ನ ಒಂದು ಮಾತು ಕೇಳ್ಲಿಲ್ಲ ನೀನು."

"ಕೇಳಿದ್ರೆ ಬ್ಯಾಡ ಅಂತಿದ್ರಿ."

"ಅಂತಿದ್ದೆ" ಎಂದು ಕದಿರಪ್ಪ ಒಪ್ಪಿಕೊಂಡ. ಬೇಲಿಯ ಕಡೆ ಮುಖ ತಿರುಗಿಸಿದ. "ಅವ್ಳೇನಂದ್ಲು?"

"ಇನ್ನೂ ಏನೂ ಅಂದಿಲ್ಲ. ಆಟ ಆಡಿ ಬತ್ತೀನಿ ಅಂದ್ಲು, ಅಷ್ಟೇಯ."

ಕೊಟ್ಟಿಗೆಯಲ್ಲಿ ಹಸು ಮೇವಿನ ಗೊಂತನ್ನು ಮೂತಿಯಿಂದ ತಳ್ಳಿತು. ಕತ್ತಲಾಗುತ್ತಿತ್ತು. ಕದಿರಪ್ಪ ಗಾಡಿಯಿಂದ ಇಳಿದು ಸ್ಟ್ಯಾಂಡು ಹಾಕಿದ.

"ವಾಪಸ್ ರೈಲು ಎಷ್ಟೊತ್ಗೆ ಬತ್ತದೆ?"

ಅನಸೂಯಮ್ಮ ಹೇಳಿದಳು.

ಅವನು ಗಾಡಿಯ ಎರಡು ಬದಿಗೂ ತೂಗುತ್ತಿದ್ದ ಹಾಲಿನ ಕ್ಯಾನುಗಳ ಹಗ್ಗ ಬಿಚ್ಚಿ, ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸಿದ. ಆಮೇಲೆ ಹೆಗಲ ಟವೆಲ್ಲು ತೆಗೆದು, ಹಾಲು ಚೆಲ್ಲಿ ಒಣಗಿದ್ದ ಹಿಂದಿನ ಸೀಟನ್ನು ತಿಕ್ಕಿ ತಿಕ್ಕಿ ಒರೆಸತೊಡಗಿದ.