ಥವಿಲ್ ಮೇಷ್ಟ್ರ ಐದನೆಯ ಸಾಲು

ಸಾಯಿಫೊನ್ ಮೂರನೆಯ ಸಾಲನ್ನು ನಾಲ್ಕನೆಯ ಸಲ ಹೊಡೆದುಹಾಕಿದಳು. ವಿಹಾರದ ಅಡುಗೆಚಪ್ಪರದಲ್ಲಿ ಬೆಳ್ಳುಳ್ಳಿ ರಾಶಿಯ ಪಕ್ಕ ಕೂತು ಅವಳು ತೀರಿಹೋದ ಥವಿಲ್ ಮೇಷ್ಟ್ರ ಜೀವನಚರಿತ್ರೆ ಬರೆಯುತ್ತಿದ್ದಳು. ನಾಲ್ಕು ಗಂಟೆಗೆ ಚಿತಾಗಾರದ ಮುಂದೆ ಅದನ್ನು ಓದಬೇಕು, ಆಮೇಲೆಯೇ ಬೆಂಕಿ. ಐದು ದಿನ ಮಂತ್ರಪಠಣಕ್ಕೆ ಕೂತು ಎದ್ದು ಎಲ್ಲರಿಗೂ ಸಾಕಾಗಿಹೋಗಿತ್ತು.

"ಹುಟ್ಟಿದ್ದು, ಓದಿದ್ದು, ಯೋಮ್ ನದಿ ದಡದ ಶಾಲೇಲಿ ಮೂವತ್ತೊಂದು ವರ್ಷ ನಾಲ್ಕನೇ ಕ್ಲಾಸು. ಮುಗೀತಲ್ಲ?" ಬುನ್‌ಮಾ ಇಣುಕಿ ನೋಡಿದ. ದೋಣಿ ನಡೆಸುವವನು, ಅವಳ ಹಳೆಯ ಸಹಪಾಠಿ.

"ಅದು ಹಾಜರಿ ಪುಸ್ತಕ ಕಣೋ. ಮೇಷ್ಟ್ರು ಏನಂತಿದ್ರು? ಯಾರು, ಎಲ್ಲಿ, ಏನು ಬೇಕಿತ್ತು, ಏನು ಅಡ್ಡ ಬಂತು, ಕೊನೆಗೇನಾಯ್ತು. ಐದು ಬೆರಳಿಗೆ ಐದು ಸಾಲು. ನಡುಬೆರಳು ಇಲ್ದಿದ್ರೆ ಕತೇನೇ ಅಲ್ಲ."

"ನಂಗೆ ಹೆಬ್ಬೆರಳು ದಾಟೋದೇ ಕಷ್ಟ ಆಗ್ತಿತ್ತು ಬಿಡು."

ಸಾಯಿಫೊನ್ ಮೇಷ್ಟ್ರ ಹೆಂಡತಿ ಲಮಾಯ್ ಕಡೆ ತಿರುಗಿದಳು. "ದೊಡ್ಡಮ್ಮ, ಮೇಷ್ಟ್ರಿಗೆ ಏನು ಬೇಕಿತ್ತು?"

"ಮೀನುಸಾರಿಗೆ ಖಾರ ಬೇಕಿತ್ತು." ಮುದುಕಿ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ನಾನೇನು ಕಂಡೆ ತಾಯಿ. ಎರಡನೇ ಕ್ಲಾಸಿಗೇ ಬಿಟ್ಟವಳು, ಅವರ ಕ್ಲಾಸಿನ ಕಿಟಕಿ ಕೆಳಗೆ ಐಸ್ ಮಾರ್ಕೊಂಡು ಇದ್ದೆ. ಕತೆಯೆಲ್ಲ ಕೇಳಿಸ್ತಿತ್ತು. ಕೊನೆ ಬಂತು ಅನ್ನೋವಾಗ ನಿಲ್ಲಿಸಿಬಿಡ್ತಿದ್ರು. ಮುಂದೇನಾಗತ್ತೆ ಅಂತ ನನ್ನನ್ನ ಯಾರು ಕೇಳ್ತಾರೆ?"

ಮೇಷ್ಟ್ರಿಗೆ ಏನು ಬೇಕಿತ್ತೆಂದು ಸಾಯಿಫೊನ್‌ಗೆ ಗೊತ್ತಿತ್ತು. ಅದನ್ನು ಬರೆದರೆ ನಾಲ್ಕನೆಯ ಸಾಲಿಗೆ ತನ್ನ ಹೆಸರೇ ಬರುತ್ತದಲ್ಲ ಎಂದು ಅವಳಿಗೆ ಭಯ.

*

ಮೇಷ್ಟ್ರು ಕತೆಪುಸ್ತಕದ ಕೊನೆಯ ಪುಟಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿರುತ್ತಿದ್ದರು. ಅಲ್ಲಿಯವರೆಗೆ ಓದಿ, ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು, "ಹೂಂ, ಮುಂದೆ?" ಎನ್ನುವರು. ಮಕ್ಕಳ ಕೈಗಳು ಮೇಲೇಳುತ್ತಿದ್ದವು.

"ಸುಮ್ನೆ ಊಹೆ ಬೇಡ. ಈ ಕತೇಲಿ ಮೊಸಳೆಗೆ ಏನು ಬೇಕು? ಏನು ಅಡ್ಡ ಬಂದಿದೆ? ಅದನ್ನ ಹಿಡ್ಕೊಂಡು ಹೇಳು." ಯಾರಾದರೂ ತಪ್ಪು ಹೇಳಿದರೆ, "ಪುಸ್ತಕದಲ್ಲಿರೋದಕ್ಕಿಂತ ಇದೇ ಚೆನ್ನಾಗಿದೆ" ಎಂದು ನಗುವರು.

ಮುಂದೆ ಸಾಯಿಫೊನ್ ಅದೇ ಶಾಲೆಗೆ ಟೀಚರ್ ಆಗಿ ಬಂದಳು. ಪರೀಕ್ಷೆಯಲ್ಲಿ ಮಕ್ಕಳ ಅಂಕ ಕಡಿಮೆ ಬರುತ್ತಿತ್ತು. ಅವಳು ಹಾಳೆಗಳನ್ನು ಅಚ್ಚು ಹಾಕಿಸಿದಳು: ಕತೆಯ ಕೊನೆಗೆ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಿದರಾಯಿತು. ಅಂಕ ಏರಿತು, ಎಲ್ಲರೂ ಹೊಗಳಿದರು.

ಅವರ ಸೇವೆಯ ಕೊನೆಯ ದಿನ ಅವಳು ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಪುಸ್ತಕ ಮುಚ್ಚಿದರು. ಇಪ್ಪತ್ಮೂರು ಮಕ್ಕಳಲ್ಲಿ ಒಂದು ಕೈಯೂ ಏಳಲಿಲ್ಲ. ಹುಡುಗಿಯೊಬ್ಬಳು ಕೇಳಿದಳು: "ಸರ್, ನಾಲ್ಕು ಉತ್ತರ ಎಲ್ಲಿ?"

ಮೇಷ್ಟ್ರು ಎದ್ದು, ಏನೂ ಬರೆದಿರದ ಬೋರ್ಡನ್ನು ಒರೆಸಿದರು. ಹೊರಗೆ ಬರುವಾಗ ಸಾಯಿಫೊನ್‌ಗೆ, "ಇವತ್ತು ಬಿಸಿಲು ಜಾಸ್ತಿ ಕಣಮ್ಮ" ಎಂದಷ್ಟೇ ಹೇಳಿದರು.

*

ನಾಲ್ಕು ಗಂಟೆಗೆ ಸಾಯಿಫೊನ್ ಮೈಕಿನ ಮುಂದೆ ನಿಂತಳು. ಜನ ಚಿತೆಗಿಡಲು ಮರದ ತೆಳುಚಕ್ಕೆಯಲ್ಲಿ ಮಾಡಿದ ಹೂ ಹಿಡಿದು ಕೂತಿದ್ದರು. ಯಾರು, ಎಲ್ಲಿ ಎಂದು ಓದಿದಳು.

"ತಾವು ಕತೆ ನಿಲ್ಲಿಸಿದಾಗ ಮಕ್ಕಳು ಕೈ ಎತ್ತಬೇಕು, ಅವರಿಗೆ ಬೇಕಿದ್ದುದು ಅಷ್ಟೇ. ಅದಕ್ಕೆ ಅಡ್ಡ ಬಂದವಳು ನಾನು."

ಐದನೆಯ ಸಾಲು ಅವಳು ಬರೆದಿರಲಿಲ್ಲ. ಹೊಳೆದಿರಲಿಲ್ಲ. ಕಾಗದ ಮಡಚಿ ಎದೆಗೆ ಒತ್ತಿಕೊಂಡು ನಿಂತಳು.

ಹಿಂದಿನ ಸಾಲಿನಲ್ಲಿ ಬುನ್‌ಮಾನ ಕೈ ಮೇಲೆದ್ದಿತು. ಪಕ್ಕದಲ್ಲಿ ನೂಡಲ್ಸ್ ಅಂಗಡಿಯವಳದು, ಅವಳ ಹಿಂದೆ ತಲೆ ನರೆತ ಇಬ್ಬರು ಹಳೆಯ ವಿದ್ಯಾರ್ಥಿಗಳದು. ನೋಡುತ್ತಿದ್ದಂತೆ ಚಿತಾಗಾರದ ಮುಂದೆಲ್ಲ ಕೈಗಳು, ಕೈಗಳಲ್ಲಿ ಮರದ ಹೂಗಳು. ಲಮಾಯ್ ತಿರುಗಿ ಎಲ್ಲರನ್ನೂ ನೋಡಿದಳು. ಆಮೇಲೆ ಅವಳ ಕೈಯೂ ನಿಧಾನವಾಗಿ ಮೇಲೆದ್ದಿತು. ಬೆರಳಿಗೆ ಬೆಳ್ಳುಳ್ಳಿ ಸಿಪ್ಪೆ ಅಂಟಿಕೊಂಡಿತ್ತು.